ಓಣಿಯ ಕಸ, ನಾಡಿನ ಕೆಲಸ

(ಓಣಿಗಳ ಸ್ವಯಂಸೇವಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಕನ್ನಡಿಗರ ಸಭೆಯೆಂದ ಕೂಡಲೆ ಪುಲಿಕೇಶಿಯ ಪರಾಕ್ರಮವನ್ನೋ, ವಿಜಯನಗರದ ಸಿರಿಯನ್ನೋ, ಬೇಲೂರು ಹಳೇಬೀಡುಗಳ ಶಿಲ್ಪವನ್ನೋ ಕೇಳಲು ನಮ್ಮ ಕಿವಿಗಳು ಕಾದಿರುವದು ಸಹಜವೇ ಸರಿ. ಆ ಕೀರ್ತಿ ನಮ್ಮದು. ಅದನ್ನು ಹಾಡಿಕೊಳ್ಳುವ ಹಕ್ಕೂ ನಮ್ಮದು. ಆದರೆ ಇಂದಿನ ಸಭೆಯವರು ನಮಗೆ ಒಪ್ಪಿಸಿದ ವಿಷಯವು ಅವೆಲ್ಲಕ್ಕಿಂತ ಕೆಳಗಿನದು. ಅಕ್ಷರಶಃ ಕಾಲ ಕೆಳಗಿನದೇ. ನಾವು ನಡೆವ ಬೀದಿಯ ಕಸವನ್ನು ನೆರೆಹೊರೆಯವರು ಕೂಡಿ ತೆಗೆಯುವದೆಂಬುದು ಆ ವಿಷಯ. ಇದರಲ್ಲಿ ಭಾಷಣಕ್ಕೆ ಏನಿದೆ, ಕಸಬರಿಗೆ ಹಿಡಿದರೆ ಮುಗಿಯಿತಲ್ಲ, ಎಂದು ಕೆಲವರಿಗೆ ತೋರಬಹುದು. ಕಸಬರಿಗೆ ಹಿಡಿದರೆ ಮುಗಿಯುವದು ನಿಜ. ಹಿಡಿಯದಿರುವದಕ್ಕೆ ನಮ್ಮಲ್ಲಿರುವ ಕಾರಣಗಳು ಮಾತ್ರ ಸಣ್ಣವಲ್ಲ. ಆ ಕಾರಣಗಳನ್ನು ವಿಚಾರಿಸುವದೇ ಇಂದಿನ ನಮ್ಮ ಉದ್ದೇಶ.

ಮೊದಲು ಒಂದು ಸಂಗತಿಯನ್ನು ತಾವೆಲ್ಲರೂ ಲಕ್ಷ್ಯಕ್ಕೆ ತಂದುಕೊಳ್ಳಬೇಕೆಂದು ಬಿನ್ನಹ. ಕಸದ ರಾಶಿಯು ಯಾವ ಊರಿನಲ್ಲಿಯೂ ಮನೆಯ ತಲಬಾಗಿಲ ಎದುರಿಗೆ ಬೆಳೆಯುವದಿಲ್ಲ. ನಮ್ಮ ತಾಯಂದಿರು ನಸುಕಿನಲ್ಲಿಯೇ ಎದ್ದು ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಎಳೆಯುವರು. ಕನ್ನಡಿಗರ ಮನೆಯ ಅಂಗಳದಷ್ಟು ಚೊಕ್ಕಟವಾದ ನೆಲವನ್ನು ಬೇರೆಡೆ ಕಾಣುವದು ಕಷ್ಟ. ಆದರೆ ಆ ರಂಗೋಲಿಯ ಕೊನೆಯ ಎಳೆಗೆ ನಮ್ಮ ಮಡಿಯೂ ಮುಗಿಯುವದು, ನಮ್ಮ ಅಭಿಮಾನವೂ ಮುಗಿಯುವದು. ಅಲ್ಲಿಂದಾಚೆಗೆ ಗುಡಿಸಿ ತಳ್ಳಿದ ಕಸವು ಎಲ್ಲಿಗೆ ಹೋಗಿ ಸೇರುವದು? ಎರಡು ಮನೆಗಳ ನಡುವಿನ ಸಂದಿಗೆ, ಎರಡು ಓಣಿ ಕೂಡುವ ತಿರುವಿಗೆ, ವಿದ್ಯುತ್ ಕಂಬದ ಬುಡಕ್ಕೆ, ಒಡೆಯನಿಲ್ಲದ ಪಾಳು ನಿವೇಶನಕ್ಕೆ, ಎರಡು ವಾರ್ಡುಗಳ ಗಡಿಗೆ. ಒಟ್ಟಿನಲ್ಲಿ, ಎಲ್ಲಿ ಒಬ್ಬನ ಹೊಣೆ ಮುಗಿದು ಮತ್ತೊಬ್ಬನ ಹೊಣೆ ಇನ್ನೂ ಪ್ರಾರಂಭವಾಗಿಲ್ಲವೋ ಅಲ್ಲಿಗೆ. ಕಸವು ಯಾವಾಗಲೂ ಅಂಚಿನಲ್ಲಿ ಕೂಡುವದು.

ಅಂಚು ಎಂಬ ಮಾತನ್ನು ಕೇಳಿದರೆ ಕನ್ನಡಿಗನಿಗೆ ಬೇರೆಯವರು ವಿವರಿಸಿ ಹೇಳಬೇಕಾಗಿಲ್ಲ. 1956ನೆಯ ನವೆಂಬರ 1ಕ್ಕೆ ಮೊದಲು ನಮ್ಮ ನಾಡಿನ ಪಾಡು ಏನಿದ್ದಿತು? ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತದ ತೆಂಕಣ ಅಂಚು. ಮಂಗಳೂರು, ಮತ್ತು 1953ರ ತನಕ ಬಳ್ಳಾರಿ, ಮದ್ರಾಸ ಪ್ರಾಂತದ ಅಂಚು. ಕಲಬುರಗಿ, ರಾಯಚೂರು, ಬೀದರಗಳು ಹೈದರಾಬಾದದ ಅಂಚು. ಎಲ್ಲರ ಅಂಚಾದದ್ದು ಯಾರ ನಡುವೂ ಆಗಲಿಲ್ಲ. ಯಾರ ನಡುವೂ ಅಲ್ಲದ್ದನ್ನು ಯಾವ ರಾಜಧಾನಿಯೂ ತನ್ನದೆಂದು ನೋಡಿಕೊಳ್ಳಲಿಲ್ಲ. 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಹೊರತಂದ ಆಲೂರು ವೆಂಕಟರಾಯರು ಮೊದಲಾದ ಹಿರಿಯರು ಹೂಡಿದ ಹೋರಾಟದ ತಿರುಳನ್ನು ಒಂದೇ ಮಾತಿನಲ್ಲಿ ಹೇಳಬೇಕಾದರೆ, ಅಂಚುಗಳನ್ನು ಒಂದಕ್ಕೊಂದು ಹೊಲಿದು ಅವುಗಳಿಗೊಂದು ನಡುವನ್ನು ಕೊಡುವದು ಎಂದು ಹೇಳಬಹುದು. ಆ ಹೊಲಿಗೆ ಭೂಪಟದ ಮೇಲೆ ಮುಗಿಯಿತು. ಓಣಿಯಲ್ಲಿ ಅದು ಇನ್ನೂ ಆಗಬೇಕಾಗಿದೆ. ನಿಮ್ಮ ಗೋಡೆಗೂ ನಮ್ಮ ಗೋಡೆಗೂ ನಡುವೆ ಇರುವ ಆ ಮೂರು ಮೊಳ ನೆಲ ಯಾರದು? ಈ ಪ್ರಶ್ನೆಗೆ ‘ನಮ್ಮಿಬ್ಬರದೂ’ ಎಂದು ಉತ್ತರ ಕೊಡಲಾರದವರು ಬೀದರದಿಂದ ಚಾಮರಾಜನಗರದ ವರೆಗಿನ ನೆಲ ತಮ್ಮದೆಂದು ಎದೆ ತಟ್ಟಿಕೊಂಡರೆ ಆ ಮಾತಿನಲ್ಲಿ ತೂಕವಿರುವದೇ?

ಕಸಬರಿಗೆಗೂ ನಾಡಿನ ಕೆಲಸಕ್ಕೂ ನಾವು ಇಂದು ಹೊಸದಾಗಿ ಗಂಟು ಹಾಕುತ್ತಿಲ್ಲ. 1901ರಲ್ಲಿ ಗಾಂಧೀಜಿಯವರು ಕಲಕತ್ತೆಯ ಕಾಂಗ್ರೆಸ್ಸಿಗೆ ಹೋದಾಗ ಅಲ್ಲಿಯ ಪಾಯಖಾನೆಗಳು ಕಾಲಿಡಲಾಗದಷ್ಟು ಹೊಲಸಾಗಿದ್ದವು. ಸ್ವಯಂಸೇವಕರಿಗೆ ಅದನ್ನು ತೋರಿಸಲು, ಅದು ತಮ್ಮ ಕೆಲಸವಲ್ಲ, ಭಂಗಿಯ ಕೆಲಸ ಎಂಬ ಉತ್ತರ ಬಂದಿತು. ಗಾಂಧೀಜಿಯವರು ಹುಡುಕಿ ಒಂದು ಕಸಬರಿಗೆಯನ್ನು ತರಿಸಿಕೊಂಡು ತಾವೇ ಅದನ್ನು ಶುಚಿಗೊಳಿಸಿದರು. ಸ್ವರಾಜ್ಯ ಬೇಡುವ ಸಭೆಯ ಮಗ್ಗುಲಲ್ಲಿಯೇ ಈ ದೃಶ್ಯವಿದ್ದಿತು. ಮುಂದೆ 23 ವರ್ಷಗಳಾದ ಮೇಲೆ, 1924ರ ಡಿಸೆಂಬರದಲ್ಲಿ, ಅವರು ಅಧ್ಯಕ್ಷರಾದ ಏಕಮಾತ್ರ ಕಾಂಗ್ರೆಸ್ ಅಧಿವೇಶನವು ನಮ್ಮ ಬೆಳಗಾವಿಯಲ್ಲಿ ಕೂಡಿತು. ಸ್ವಾಗತದ ಹೊಣೆ ಗಂಗಾಧರರಾವ ದೇಶಪಾಂಡೆಯವರದು. ಸ್ವಯಂಸೇವಕರ ಮುಂದಾಳು ಡಾಕ್ಟರ ಹರ್ಡೀಕರರು. ಅಧಿವೇಶನದ ನೆಲೆಗೆ ವಿಜಯನಗರವೆಂದೂ, ನೀರಿಗಾಗಿ ತೋಡಿದ ಬಾವಿಗೆ ಪಂಪಾ ಸರೋವರವೆಂದೂ ಹೆಸರಿಟ್ಟರು. ಆ ಊರ ಹೊರಗಿನ ಬಯಲಿನಲ್ಲಿ ಸಾವಿರಾರು ಜನ ಬೀಡು ಬಿಟ್ಟಾಗ ಪಾಯಖಾನೆಗಳ ಶುಚಿಯನ್ನು ಸ್ವಯಂಸೇವಕರೇ ವಹಿಸಿಕೊಂಡರು. ಅವರಲ್ಲಿ ಬ್ರಾಹ್ಮಣ ಯುವಕರೂ ಇದ್ದರು. ಅದೇ ಊರಿನಲ್ಲಿ, ಅದೇ ಸಮಯದಲ್ಲಿ, ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲನೆಯ ಕರ್ನಾಟಕ ಏಕೀಕರಣ ಪರಿಷತ್ತೂ ನೆರೆಯಿತು. ಕನ್ನಡ ನಾಡು ಒಂದಾಗಲೆಂಬ ನಿರ್ಧಾರವೂ ಕಸಬರಿಗೆ ಎಲ್ಲರ ಕೈಗೂ ಬರಲೆಂಬ ಪಾಠವೂ ಒಂದೇ ಊರಿನಲ್ಲಿ ಹುಟ್ಟಿದ ಅವಳಿಗಳು. 2024ಕ್ಕೆ ಆ ಅಧಿವೇಶನಕ್ಕೆ ನೂರು ವರ್ಷ ತುಂಬಿ ಉತ್ಸವಗಳಾದವು. ಅವಳಿಗಳಲ್ಲಿ ಒಂದು ಬೆಳೆದು ದೊಡ್ಡದಾಗಿದೆ. ಇನ್ನೊಂದನ್ನು ನಾವು ಅಲ್ಲಿಯೇ ಬಿಟ್ಟು ಬಂದಿದ್ದೇವೆ.

ಇನ್ನೂ ಹಿಂದಕ್ಕೆ ಹೋದರೆ ಹನ್ನೆರಡನೆಯ ಶತಮಾನದ ಶರಣರು ಎದುರಾಗುವರು. ಶಿವಭಕ್ತರ ಅಂಗಳ ಗುಡಿಸುವದು ವಚನಕಾರ್ತಿ ಸತ್ಯಕ್ಕನ ಕಾಯಕವಾಗಿದ್ದಿತೆಂದು ಪರಂಪರೆ ಹೇಳುವದು. ಬೀದಿಯಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವದು ಆಯ್ದಕ್ಕಿ ಮಾರಯ್ಯನ ಕಾಯಕ. ಗುಡಿಸುವ ಕೈಯೂ ವಚನ ಬರೆಯುವ ಕೈಯೂ ಒಂದೇ ಆಗಿದ್ದ ನಾಡು ನಮ್ಮದು. ಅಂಥ ನಾಡಿನಲ್ಲಿ ಗುಡಿಸುವದನ್ನು ಕೆಲವೇ ಜಾತಿಗಳ ಹಣೆಗೆ ಬರೆದು, ಉಳಿದವರು ಚೆಲ್ಲುವ ಹಕ್ಕನ್ನು ಮಾತ್ರ ಇಟ್ಟುಕೊಂಡೆವು. ನಮ್ಮ ಬೀದಿಗಳು ಹೊಲಸಾಗಿರುವದಕ್ಕೆ ಬಡತನ ಕಾರಣವಲ್ಲ, ಅಜ್ಞಾನವೂ ಅಷ್ಟಾಗಿ ಕಾರಣವಲ್ಲ. ‘ಎತ್ತುವವರು ಬೇರೆ ಇದ್ದಾರೆ’ ಎಂಬ ಈ ಒಂದು ನಂಬಿಕೆಯೇ ಮೂಲ ಕಾರಣ. ಕಲಕತ್ತೆಯ ಸ್ವಯಂಸೇವಕರ ಉತ್ತರವನ್ನೇ ನಾವು ಇಂದಿಗೂ ಸಭ್ಯವಾದ ಮಾತುಗಳಲ್ಲಿ ಕೊಡುತ್ತಿದ್ದೇವೆ.

ಬರಿಯ ತತ್ತ್ವ ಸಾಕು. ನಮ್ಮ ಓಣಿಯವರು ಕೂಡಿ ಮಾಡಿದ ಕೆಲಸದಿಂದ ತಿಳಿದುಬಂದ ಎರಡು ಮಾತುಗಳನ್ನು ನಿವೇದಿಸುವೆವು. ಅದು ದೊಡ್ಡ ಸಾಹಸವೇನಲ್ಲ. ಓಣಿಯ ತುದಿಗೆ ಕಂಬದ ಬುಡದಲ್ಲಿ ಬಹುದಿನದ ಒಂದು ತಿಪ್ಪೆಯಿದ್ದಿತು. ಅದರ ಹಿಂದೆ ಕಟ್ಟಿಕೊಂಡ ಗಟಾರ. ಒಂದು ರವಿವಾರ ಬೆಳಿಗ್ಗೆ ಹತ್ತಾರು ಮನೆಯವರು ಸಲಿಕೆ, ಬುಟ್ಟಿ, ಕಸಬರಿಗೆಗಳೊಡನೆ ಕೂಡಿದೆವು. ತಿಪ್ಪೆಯನ್ನು ಕೆದರಿದಂತೆ ಓಣಿಯ ಚರಿತ್ರೆಯೇ ಹೊರಬಿದ್ದಿತು: ಅನ್ನ ಕಟ್ಟಿ ಎಸೆದ ಪ್ಲಾಸ್ಟಿಕ್ ಚೀಲಗಳು, ಎಳನೀರ ಬುರುಡೆಗಳು, ದರ್ಜಿಯ ಅಂಗಡಿಯ ಚಿಂದಿ, ಗುಟಕಾ ಚೀಟಿಗಳು, ಒಡೆದ ಬಳೆಚೂರು, ದೇವರ ಹಳೆಯ ಪಟಗಳು. ಮಧ್ಯಾಹ್ನದೊಳಗಾಗಿ ನೆಲ ಕಂಡಿತು. ಮೂರನೆಯ ದಿನ ಅದೇ ನೆಲದ ಮೇಲೆ ಐದಾರು ಚೀಲಗಳು ಬಂದು ಕುಳಿತವು.

ಇಂಥ ಸಂದರ್ಭದಲ್ಲಿ ‘ನಮ್ಮ ಜನರೇ ಹೀಗೆ’ ಎಂದು ನಿಟ್ಟುಸಿರು ಬಿಟ್ಟು ಮನೆಗೆ ಹೋಗುವದು ರೂಢಿ. ಓಣಿಯ ಇಬ್ಬರು ತಾಯಂದಿರು ಹಾಗೆ ಮಾಡಲಿಲ್ಲ. ಯಾರು, ಯಾವ ಹೊತ್ತಿಗೆ, ಏಕೆ ತಂದು ಹಾಕುವರೆಂಬದನ್ನು ಅವರು ಒಂದು ವಾರ ತಾಳ್ಮೆಯಿಂದ ನೋಡಿದರು, ಕೇಳಿದರು. ಆಗ ತಿಳಿದದ್ದೇನು? ಕಸದ ಗಾಡಿ ಓಣಿಗೆ ಬರುವದು ಹತ್ತು ಗಂಟೆಯ ಮೇಲೆ. ಅಷ್ಟರಲ್ಲಿ ಗಂಡಹೆಂಡಿರಿಬ್ಬರೂ ದುಡಿಯಲು ಹೋಗುವ ಮನೆಗಳಿಗೆ ಬೀಗ ಬಿದ್ದಿರುವದು. ಅವರು ಚೀಲವನ್ನು ಕೈಯಲ್ಲಿ ಹಿಡಿದು ಹೊರಡುವರು. ದಾರಿಯಲ್ಲಿ ಸಿಕ್ಕುವ ಮೊದಲನೆಯ ಅಂಚೆಂದರೆ ಆ ಕಂಬ. ಅವರು ದುಷ್ಟರಲ್ಲ, ಗಾಡಿಗೂ ಅವರ ಜೀವನಕ್ಕೂ ಗಂಟೆ ಕೂಡಿರಲಿಲ್ಲ, ಅಷ್ಟೆ. ಓಣಿಯವರು ಸಹಿ ಮಾಡಿ ಪೌರಸಂಸ್ಥೆಗೆ ಒಂದು ಮನವಿ ಕೊಟ್ಟರು. ಮೊದಲನೆಯ ಮನವಿಗೆ ಉತ್ತರ ಬರಲಿಲ್ಲ, ಎರಡನೆಯದಕ್ಕೂ ಬರಲಿಲ್ಲ, ಮೂರನೆಯದನ್ನು ಮೂವತ್ತು ಜನ ಹೋಗಿ ಕೈಗೆ ಕೊಟ್ಟಾಗ ಗಾಡಿಯ ವೇಳೆ ಏಳಕ್ಕೆ ಬದಲಾಯಿತು. ಅದಕ್ಕೂ ಸಿಗದ ನಾಲ್ಕು ಮನೆಗಳ ಬುಟ್ಟಿಗಳನ್ನು ಪಕ್ಕದ ಮನೆಯವರು ಇಟ್ಟುಕೊಂಡು ಕೊಡುವದೆಂದು ಗೊತ್ತಾಯಿತು. ತಿಪ್ಪೆ ಮರಳಿ ಬೆಳೆಯಲಿಲ್ಲ. ಇದರಿಂದ ಕಲಿಯತಕ್ಕ ಮೊದಲನೆಯ ಮಾತು ಇದು: ಕಸಕ್ಕೆ ಕಾರಣವಿರುವದು, ಆ ಕಾರಣವು ಕೂಡಿ ಗುಡಿಸಿದವರಿಗೆ ಮಾತ್ರ ಕಾಣುವದು. ದೂರದಿಂದ ಮೂಗು ಮುಚ್ಚಿಕೊಂಡು ಹೋಗುವವನಿಗೆ ಕಾಣುವದು ವಾಸನೆಯೊಂದೇ.

ಎರಡನೆಯ ಮಾತು ಇನ್ನೂ ಸೂಕ್ಷ್ಮವಾದದ್ದು. ಅಂದು ಗಟಾರದ ಹಸಿ ರಾಡಿಯನ್ನು ಬುಟ್ಟಿಗೆ ತುಂಬಿ ಹೊರಲಾರದೆ ಓದಿದವರೆಲ್ಲ ಒದ್ದಾಡುತ್ತಿದ್ದಾಗ, ಆ ವಾರ್ಡಿನ ಹಿರಿಯ ಪೌರಕಾರ್ಮಿಕ ತಾಯಿಯೊಬ್ಬಳು ಬಂದು ನಿಂತು ನೋಡಿ, “ಸಾಹೇಬ್ರ, ಹಸೀ ರಾಡಿ ಹೊರಬ್ಯಾಡ್ರಿ. ದಂಡಿಗೆ ಹಾಕಿ ಒಂದಿನ ಬಿಡ್ರಿ. ನೀರು ಇಳಿದ ಮ್ಯಾಲೆ ಎತ್ತಿದ್ರ ಅರ್ಧ ಭಾರ” ಎಂದಳು. ವಕೀಲರೂ ಮಾಸ್ತರರೂ ಇದ್ದ ಆ ಗುಂಪಿನಲ್ಲಿ ಅಂದಿನ ಗುರು ಅವಳೇ. ಕೆಲಸ ಮುಗಿದ ಮೇಲೆ ಎಲ್ಲರೂ ಒಂದೇ ಕಟ್ಟೆಯ ಮೇಲೆ ಕುಳಿತು ಒಂದೇ ತರದ ಲೋಟಗಳಲ್ಲಿ ಚಹಾ ಕುಡಿದರು. ಮುಂದಿನ ರವಿವಾರ ಎರಡು ಮನೆಯವರು ಬರಲಿಲ್ಲ. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು 1950ರಲ್ಲಿಯೇ ತೆಗೆದುಹಾಕಿತು. ಆದರೆ ಅದು ಚಹದ ಲೋಟದ ಅಂಚಿನಲ್ಲಿ ಇನ್ನೂ ಕುಳಿತಿದೆ. ಗಟಾರದ ರಾಡಿಗಿಂತ ತೆಗೆಯಲು ಕಷ್ಟವಾದ ಕಸವಿದು. ಓಣಿ ಗುಡಿಸುವ ಕೆಲಸದಲ್ಲಿ ನಿಜವಾಗಿ ಪಣಕ್ಕೆ ಬಿದ್ದಿರುವದು ಇದೇ: ಗುಡಿಸುವವಳ ಪಕ್ಕದಲ್ಲಿ ನಾವು ಕುಳಿತುಕೊಳ್ಳುವೆವೋ ಇಲ್ಲವೋ ಎಂಬದು.

ಇನ್ನು ಆರೋಗ್ಯದ ಮಾತು. ಈ ಭಾಗದ ಹಳೆಯ ಮನೆತನಗಳಲ್ಲಿ ಪ್ಲೇಗಿನ ಕಥೆ ಕೇಳದವರಿಲ್ಲ. 1896ರಲ್ಲಿ ಮುಂಬಯಿಗೆ ಬಂದ ಆ ಮಾರಿ 1898ರ ಹೊತ್ತಿಗೆ ಹುಬ್ಬಳ್ಳಿ ಧಾರವಾಡಗಳನ್ನೂ ಬೆಂಗಳೂರನ್ನೂ ಹೊಕ್ಕಿತು. ಜನರು ಮನೆಗಳಿಗೆ ಬೀಗ ಹಾಕಿ ಊರ ಹೊರಗೆ ಗುಡಿಸಲುಗಳಲ್ಲಿ ದಿನ ಕಳೆದರು. ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿಗಳಂಥ ವಿಶಾಲ ಬಡಾವಣೆಗಳು ಮೈದಳೆದದ್ದು ಆ ಕಾಲದಲ್ಲಿಯೇ. ಅದೇ 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯನು, ಪ್ಲೇಗು ಇಲಿಯಿಂದ ಇಲಿಗೆ ಚಿಗಟದ ಮೂಲಕ ಹಬ್ಬುವದೆಂದು ತೋರಿಸಿದನು. ಅಂದ ಮೇಲೆ ಸರಪಳಿ ಸ್ಪಷ್ಟವಾಯಿತು: ಚೆಲ್ಲಿದ ಕಾಳು ಕೂಳಿಗೆ ಇಲಿ, ಇಲಿಯ ಮೈಯಲ್ಲಿ ಚಿಗಟ, ಚಿಗಟದಿಂದ ಮನುಷ್ಯನಿಗೆ. ಇದು ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. 1994ರ ಸೆಪ್ಟೆಂಬರದಲ್ಲಿ ಸೂರತ್ತಿನಲ್ಲಿ ಪ್ಲೇಗಿನ ಹುಯಿಲೆದ್ದು ಲಕ್ಷಗಟ್ಟಲೆ ಜನ ಊರು ಬಿಟ್ಟರು. ಮರುವರ್ಷದಿಂದ ಅಲ್ಲಿಯ ಪೌರಾಡಳಿತವು ಬಿಗಿಯಾಗಿ ನಿಂತು ಕೆಲಸ ಮಾಡಲು, ಕೆಲವೇ ವರ್ಷಗಳಲ್ಲಿ ಅದೇ ಊರು ಚೊಕ್ಕಟತನಕ್ಕೆ ಹೆಸರಾಯಿತು. ಹೊಲಸು ಯಾವ ಊರಿನ ಹಣೆಬರಹವೂ ಅಲ್ಲ.

ಇಂದಿನ ಮಾರಿಯ ಹೆಸರು ಡೆಂಗೆ. ಅದನ್ನು ತರುವ ಈಡಿಸ್ ಸೊಳ್ಳೆಗೆ ಗಟಾರದ ರಾಡಿಯೂ ಬೇಡ; ಎಳನೀರ ಬುರುಡೆಯಲ್ಲಿ, ಹಳೆಯ ಟಾಯರಿನಲ್ಲಿ, ಎಸೆದ ಚಹದ ಕಪ್ಪಿನಲ್ಲಿ ನಿಂತ ಬೊಗಸೆ ಮಳೆನೀರೇ ಸಾಕು. ತತ್ತಿಯಿಂದ ರೆಕ್ಕೆಯ ಸೊಳ್ಳೆಯಾಗಲು ಬೆಚ್ಚಗಿನ ದಿನಗಳಲ್ಲಿ ಸುಮಾರು 8ರಿಂದ 10 ದಿನ ಹಿಡಿಯುವದು. ಆದುದರಿಂದಲೇ ನಾವು ವಾರಕ್ಕೊಮ್ಮೆ ಎಂಬ ನಿಯಮಕ್ಕೆ ಇಷ್ಟು ಒತ್ತು ಕೊಡುವದು. ಪ್ರತಿ ರವಿವಾರ ನಿಂತ ನೀರನ್ನು ಚೆಲ್ಲಿ, ಪಾತ್ರೆಯ ಒಳಮೈಯನ್ನು ತಿಕ್ಕಿ ತೊಳೆದರೆ ಸೊಳ್ಳೆಯು ಹಾರುವ ಮೊದಲೇ ಸರಪಳಿ ಕಡಿಯುವದು. ತಿಕ್ಕುವದೇಕೆಂದರೆ, ನೀರಿನ ಮಟ್ಟದ ಮೇಲೆ ಅಂಟಿಕೊಂಡ ತತ್ತಿಗಳು ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುವವು. ವರ್ಷಕ್ಕೊಮ್ಮೆ ಗಾಂಧೀಜಯಂತಿಯ ದಿನ ಹೊಸ ಕಸಬರಿಗೆ ಹಿಡಿದು ಭಾವಚಿತ್ರ ತೆಗೆಸಿಕೊಳ್ಳುವವರಿಂದ ಸೊಳ್ಳೆಗೆ ಯಾವ ಬಾಧೆಯೂ ಇಲ್ಲ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯಿತು. ಓಣಿಯಿಂದ ಎತ್ತಿದ ಕಸ ಹೋಗುವದೆಲ್ಲಿಗೆ? ಗಾಡಿ ತಿರುವಿನಲ್ಲಿ ಕಾಣದಾದ ಕೂಡಲೆ ಕಸವು ಲೋಕದಿಂದಲೇ ಕಾಣೆಯಾಯಿತೆಂದು ನಾವು ಭಾವಿಸುವೆವು. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಸುರಿಸಿಕೊಂಡ ಮಂಡೂರಿನ ಹಳ್ಳಿಗರು ದಾರಿಗಡ್ಡ ನಿಂತು ಹೋರಾಡಿ 2014ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಅವರ ಬಾವಿಯ ನೀರು ಕೆಟ್ಟಿದ್ದಿತು, ಗಾಳಿ ಕೆಟ್ಟಿದ್ದಿತು. ಊರಿನವರು ತಮ್ಮ ಅಂಗಳದ ಕಸವನ್ನು ಓಣಿಯ ಅಂಚಿಗೆ ತಳ್ಳುವರು. ಓಣಿಯ ಕಸವನ್ನು ಊರಿನ ಅಂಚಿಗೆ ತಳ್ಳುವರು. ಊರಿನ ಅಂಚಿನಲ್ಲಿಯೂ ಮನುಷ್ಯರೇ ಇರುವರು, ಕನ್ನಡಿಗರೇ ಇರುವರು. ಆದ್ದರಿಂದ ಬೀದಿ ಗುಡಿಸುವದು ಅರ್ಧ ಕೆಲಸ. ಮನೆಯಲ್ಲಿ ಬೇರ್ಪಡಿಸುವದು ಉಳಿದರ್ಧ.

ಇದರಲ್ಲಿಯೂ ನಮ್ಮ ನಾಡು ಇತರರಿಗೆ ಕಲಿಸಿದ ಪಾಠವಿದೆ. 1939ರಲ್ಲಿ ಬೆಂಗಳೂರಿನ ವಿಜ್ಞಾನಮಂದಿರದಲ್ಲಿ ಡಾಕ್ಟರ ಸಿ. ಎನ್. ಆಚಾರ್ಯರು ಊರಿನ ಕಸವನ್ನೂ ಮಲವನ್ನೂ ಕಂದಕದಲ್ಲಿ ಪದರಪದರವಾಗಿ ಹಾಕಿ, ಮಣ್ಣು ಮುಚ್ಚಿ, ತಿಂಗಳುಗಳಲ್ಲಿ ಗೊಬ್ಬರವಾಗಿಸುವ ಕ್ರಮವನ್ನು ರೂಪಿಸಿದರು. ಲೋಕದ ಗ್ರಂಥಗಳಲ್ಲಿ ಅದಕ್ಕೆ ‘ಬೆಂಗಳೂರು ಪದ್ಧತಿ’ ಎಂದೇ ಹೆಸರು. ಇಂದು ನಮ್ಮ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಾಯಿಪಲ್ಯದ ಸಿಪ್ಪೆ, ಉಳಿದ ಅನ್ನ, ಹೂವು ಎಲೆಗಳೇ. ತೂತು ಕೊರೆದ ಒಂದು ಮಣ್ಣಿನ ಗಡಿಗೆಯಲ್ಲಿ ಇವನ್ನು ಹಾಕಿ, ಪ್ರತಿಸಲ ಮೇಲೆ ಒಂದು ಹಿಡಿ ಒಣ ಎಲೆಗಳನ್ನು ಉದುರಿಸಿ, ಆಗಾಗ ತಿರುವಿಹಾಕಿದರೆ ಎರಡು ಮೂರು ತಿಂಗಳಲ್ಲಿ ಕರಿಯ ಗೊಬ್ಬರ ಸಿದ್ಧ. ವಾಸನೆ ಬಂದರೆ ಎಲೆ ಸಾಲದು. ಒಣಗಿ ನಿಂತರೆ ನೀರು ಸಾಲದು. ಶಾಸ್ತ್ರ ಇಷ್ಟೇ. ಹಸಿಯದು ಮನೆಯಲ್ಲಿ ಉಳಿದರೆ, ಒಣ ಕಾಗದ, ಡಬ್ಬಿ, ಪ್ಲಾಸ್ಟಿಕ್ ಹೊಲಸಾಗದೆ ಮರುಬಳಕೆಗೆ ಸಲ್ಲುವವು. ಅವನ್ನು ಆಯುವ ಬಡವರ ಕೈಯೂ ಹೊಲಸಾಗದು. ಆದರೆ ಯಾವ ಕಾರಣಕ್ಕೂ ಕಸಕ್ಕೆ ಬೆಂಕಿ ಇಡಬಾರದು. ಪ್ಲಾಸ್ಟಿಕ್ಕಿನ ಹೊಗೆ ವಿಷ. ಒಡೆದ ಗಾಜನ್ನೂ ಬ್ಲೇಡನ್ನೂ ಕಾಗದದಲ್ಲಿ ಸುತ್ತಿ ಗುರುತು ಹಾಕಿ ಬೇರೆಯಾಗಿ ಕೊಡಬೇಕು. ಮುಂದೆ ಅದನ್ನು ಮುಟ್ಟುವದು ಒಬ್ಬ ತಾಯಿಯ ಬೆರಳು.

ಈಗ ಸಭೆಗಳಲ್ಲಿ ತಪ್ಪದೆ ಏಳುವ ಎರಡು ಆಕ್ಷೇಪಣೆಗಳಿಗೆ ಬರುವಾ. ‘ತೆರಿಗೆ ಕೊಡುವೆವು, ಗುಡಿಸುವದು ಮುನಿಸಿಪಾಲಿಟಿಯ ಕೆಲಸ’ ಎಂಬದು ಮೊದಲನೆಯದು. ಮಾತು ನಿಜ. ಸಾರ್ವಜನಿಕ ಬೀದಿ ಗಟಾರಗಳನ್ನು ಶುಚಿಯಾಗಿಡುವದು 1964ರ ಕರ್ನಾಟಕ ಪೌರಸಭೆಗಳ ಕಾಯದೆಯು ಹೊರಿಸಿದ ಕಡ್ಡಾಯ ಹೊಣೆ. 1992ರ ಸಂವಿಧಾನ ತಿದ್ದುಪಡಿಯು ಸೇರಿಸಿದ ಹನ್ನೆರಡನೆಯ ಅನುಸೂಚಿಯಲ್ಲಿಯೂ ನೈರ್ಮಲ್ಯ ಮತ್ತು ಕಸದ ವಿಲೇವಾರಿ ಪೌರಸಂಸ್ಥೆಗಳ ಬಾಬಿನಲ್ಲಿವೆ. ನಾವು ಆ ಹೊಣೆಯನ್ನು ಅವರ ಹೆಗಲಿನಿಂದ ಇಳಿಸಬೇಕೆಂದು ಹೇಳುತ್ತಿಲ್ಲ. ಆದರೆ ಕಾಯದೆ ಒಂದೇ ಕಡೆಗೆ ಮುಖ ಮಾಡಿ ಮಾತಾಡುವದಿಲ್ಲ. 2016ರಲ್ಲಿ ಹೊರಟ ಘನತ್ಯಾಜ್ಯ ನಿಯಮಗಳು ಹಸಿ, ಒಣ, ಅಪಾಯಕಾರಿ ಎಂದು ಮೂರಾಗಿ ಬೇರ್ಪಡಿಸಿ ಕೊಡುವ ಹೊಣೆಯನ್ನು ಮನೆಯವರ ಮೇಲೆಯೇ ಹೊರಿಸಿ, ಬೀದಿಗೆ ಗಟಾರಕ್ಕೆ ಎಸೆಯುವದನ್ನೂ ಸುಡುವದನ್ನೂ ನಿಷೇಧಿಸಿದವು. ಇದು ಇಂದಿನ ಸರಕಾರಗಳ ಹೊಸ ಹಟವೂ ಅಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಬೆಳಕಿಗೆ ತಂದು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು ನೋಡಿರಿ: ಬೀದಿಯಲ್ಲಿ ಮಣ್ಣು ಕಸ ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಪಾಲು ದಂಡ, ಕೆಸರು ನೀರು ನಿಲ್ಲಿಸಿದವನಿಗೆ ಕಾಲು ಪಣ, ರಾಜಮಾರ್ಗದಲ್ಲಾದರೆ ಇಮ್ಮಡಿ. ಆ ಗ್ರಂಥವನ್ನು ಲೋಕಕ್ಕೆ ಕೊಟ್ಟವರು ಕನ್ನಡ ನಾಡಿನವರು. ಅದರ ಈ ಸಾಲನ್ನು ಮರೆತವರೂ ನಾವೇ.

ಇನ್ನೊಂದು ಮಾತು. ಬೇಡುವವನಿಗೂ ಹಕ್ಕಿನಿಂದ ಕೇಳುವವನಿಗೂ ವ್ಯತ್ಯಾಸವಿದೆ. ತನ್ನ ಪಾಲಿನ ಕೆಲಸ ಮಾಡಿ ಮಣ್ಣಾದ ಕೈಯಿಂದ ಮನವಿ ಕೊಡುವವನ ಎದುರಿಗೆ ಅಧಿಕಾರಿಯು ಕಣ್ಣು ತಪ್ಪಿಸಲಾರ. ಓಣಿ ಗುಡಿಸುವವರು ಪೌರಸಂಸ್ಥೆಗೆ ಬದಲಿಯಲ್ಲ, ಅದರ ಸಾಕ್ಷಿಗಳು.

‘ನಾವು ಗುಡಿಸಿದರೆ ಪೌರಕಾರ್ಮಿಕರ ಹೊಟ್ಟೆಯ ಮೇಲೆ ಹೊಡೆದಂತಲ್ಲವೇ’ ಎಂಬದು ಎರಡನೆಯ ಆಕ್ಷೇಪಣೆ. ವಾರಕ್ಕೊಂದು ತಾಸು ಗುಡಿಸಿದ ಮಾತ್ರಕ್ಕೆ ಯಾರ ಸಂಬಳವೂ ನಿಲ್ಲದು. ನಿಲ್ಲುವಂತಾದರೆ ಮೊದಲು ಪ್ರತಿಭಟಿಸಬೇಕಾದವರೂ ನಾವೇ. ಅವರಿಗೆ ಕೈಚೀಲ, ಬೂಟು, ವೇಳೆಗೆ ಸಂಬಳ, ಕಾಯಂ ನೌಕರಿ ದೊರೆಯುವಂತೆ ಓಣಿಯವರ ಸಹಿಗಳು ಬೀಳಬೇಕು. ಜೊತೆಗೆ ಒಂದು ಎಚ್ಚರಿಕೆ: ತೆರೆದ ಗಟಾರ ಬೇರೆ, ಒಳಚರಂಡಿಯ ಗುಂಡಿ ಬೇರೆ. ಮನುಷ್ಯರನ್ನು ರಕ್ಷಣೆಯಿಲ್ಲದೆ ಆ ಗುಂಡಿಗೆ ಇಳಿಸುವದು 2013ರ ಕಾಯದೆಯ ಪ್ರಕಾರ ಅಪರಾಧ. ಒಳಗಿನ ವಿಷಗಾಳಿ ಕ್ಷಣದಲ್ಲಿ ಪ್ರಾಣ ತೆಗೆಯುವದು. ಸ್ವಯಂಸೇವಕರು ಉತ್ಸಾಹದಿಂದ ಅದರ ಮುಚ್ಚಳಕ್ಕೆ ಕೈ ಹಾಕಕೂಡದು. ಕೂಲಿ ಕೊಟ್ಟು ಇನ್ನೊಬ್ಬರನ್ನು ಇಳಿಸಲಂತೂ ಕೂಡದು. ಅಲ್ಲಿಗೆ ಯಂತ್ರವೇ ಬರಬೇಕು. ಬರುವ ತನಕ ಬೆನ್ನು ಬಿಡಬಾರದು.

ಶಾಲೆಯ ಗುರುಗಳು ಈ ಸಭೆಯಲ್ಲಿ ಬಹು ಸಂಖ್ಯೆಯಲ್ಲಿರುವದರಿಂದ ಅವರಲ್ಲಿ ಒಂದು ವಿಜ್ಞಾಪನೆ. ಮಕ್ಕಳ ಕೈಗೆ ಗಟಾರದ ರಾಡಿಯನ್ನು ಕೊಡುವದು ಬೇಡ. ಓಣಿಯಲ್ಲಿ ನಿಂತ ನೀರು ಎಲ್ಲೆಲ್ಲಿದೆ, ತಿಪ್ಪೆ ಯಾವ ತಿರುವಿನಲ್ಲಿದೆ ಎಂಬದರ ನಕ್ಷೆಯನ್ನು ಅವರು ಬರೆಯಲಿ. ಒಂದು ವಾರದಲ್ಲಿ ಮನೆಯಿಂದ ಎಷ್ಟು ಪ್ಲಾಸ್ಟಿಕ್ ಚೀಲ ಹೊರಬಿದ್ದಿತೆಂದು ಎಣಿಸಲಿ. ಆ ತೆಳು ಚೀಲಗಳನ್ನು ನಮ್ಮ ಸರಕಾರ 2016ರಲ್ಲಿಯೇ ನಿಷೇಧಿಸಿತೆಂಬದನ್ನೂ ಕಲಿಯಲಿ. ಆಗ ಕಾಯದೆಗೂ ರೂಢಿಗೂ ಇರುವ ದೂರ ಎಳೆಯ ಮನಸ್ಸಿಗೆ ತಾನೇ ತಿಳಿಯುವದು. ಅದಕ್ಕಿಂತ ಮುಖ್ಯವಾದದ್ದು, ಶಾಲೆಯಲ್ಲಿ ಕಸ ಗುಡಿಸುವದನ್ನು ಎಂದಿಗೂ ಶಿಕ್ಷೆಯಾಗಿ ವಿಧಿಸಬೇಡಿರಿ, ಹೆಣ್ಣುಮಕ್ಕಳಿಗಷ್ಟೇ ಹಚ್ಚಬೇಡಿರಿ, ಯಾವುದೋ ಕೇರಿಯಿಂದ ಬಂದ ಮಗುವಿನ ಕೈಗೇ ಕಸಬರಿಗೆ ಕೊಡಬೇಡಿರಿ. ಗುಡಿಸುವದು ಅಪಮಾನವೆಂದು ಒಮ್ಮೆ ಕಲಿತ ಮಗುವಿಗೆ ಮುಂದೆ ಯಾವ ಭಾಷಣವೂ ಅದನ್ನು ಮರೆಸಲಾರದು. ಗುರುಗಳ ಕೈಯಲ್ಲಿ ಕಸಬರಿಗೆಯನ್ನು ಒಮ್ಮೆ ಕಂಡ ಮಗುವಿಗೆ ಈ ಭಾಷಣದ ಅವಶ್ಯಕತೆಯೇ ಇರದು.

ಹೇಗೆ ಪ್ರಾರಂಭಿಸುವದೆಂದು ಕೇಳುವವರಿಗೆ ಅನುಭವದಿಂದ ತಿಳಿದ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆವು. ಇಡೀ ಊರನ್ನು ಹಿಡಿಯಬೇಡಿರಿ. ಒಂದು ತಿರುವನ್ನು ಹಿಡಿಯಿರಿ. ಐದು ಮನೆಯವರು ಸಾಕು; ಅವು ಒಂದೇ ಜಾತಿಯ ಐದು ಮನೆಗಳಾಗದಿರಲಿ. ರವಿವಾರ ಬೆಳಿಗ್ಗೆ ಆರರಿಂದ ಏಳು, ಒಂದೇ ತಾಸು. ಹೆಚ್ಚಾದರೆ ಬೇಸರ, ಬೇಸರದಿಂದ ಬಿರುಕು. ಕೈಚೀಲ ಹಾಕಿಕೊಂಡು, ಕೆಲಸವಾದ ಮೇಲೆ ಸಾಬೂನಿನಿಂದ ತೊಳೆಯಿರಿ. ಎತ್ತಿದ ರಾಶಿಯನ್ನು ಒಯ್ಯಲು ಗಾಡಿ ಬರುವಂತೆ ಮೊದಲೇ ಗೊತ್ತು ಮಾಡಿಕೊಳ್ಳಿರಿ. ಇಲ್ಲವಾದರೆ ಒಂದು ತಿಪ್ಪೆ ಹೋಗಿ ಮತ್ತೊಂದಾಗುವದು. ವಾರ್ಡಿನ ಪೌರಕಾರ್ಮಿಕರನ್ನು ಕೇಳಿ ಮಾಡಿರಿ. ಬೀದಿಯನ್ನು ಅವರಷ್ಟು ಬಲ್ಲವರಿಲ್ಲ. ಶುಚಿಯಾದ ನೆಲವನ್ನು ಬರಿದಾಗಿ ಬಿಡಬೇಡಿರಿ. ಒಂದು ಗಿಡ, ಒಂದು ಕಲ್ಲಿನ ಆಸನ, ಗೋಡೆಗೊಂದು ಸುಣ್ಣ. ಯಾರದೋ ಆದ ನೆಲದ ಮೇಲೆ ಕಸ ಬೀಳುವದು ಕಡಿಮೆ. ಹಾಕಿದವರನ್ನು ಬಯ್ಯುವ ಮೊದಲು ಏಕೆ ಹಾಕಿದರೆಂದು ಕೇಳಿರಿ. ಮುಖ್ಯವಾಗಿ, ಎರಡನೆಯ ರವಿವಾರ ಬನ್ನಿರಿ. ಮೊದಲನೆಯ ರವಿವಾರ ಎಲ್ಲರೂ ಬರುವರು. ಓಣಿ ಗೆಲ್ಲುವದು ಏಳನೆಯ ರವಿವಾರ ಬಂದವರಿಂದ. ಮಂಗಳೂರಿನ ರಾಮಕೃಷ್ಣ ಮಠದವರು 2015ರಿಂದ ರವಿವಾರಗಳ ಶ್ರಮದಾನವನ್ನು ಪಟ್ಟು ಹಿಡಿದು ನಡೆಸಿ ತೋರಿಸಿದ್ದೂ ಇದನ್ನೇ.

ಬಾಂಧವರೇ, ನಾಡು ಎಂಬದು ಭೂಪಟದ ಮೇಲಿನ ಬಣ್ಣವಲ್ಲ. ಪರಿಚಯವಿಲ್ಲದ ಲಕ್ಷಾಂತರ ಜನರು ಒಬ್ಬರಿಗೊಬ್ಬರು ಹೊಣೆಯಾಗಿರುವೆವೆಂದು ಕೊಟ್ಟ ಮಾತೇ ನಾಡು. ಆ ಮಾತನ್ನು ಪರೀಕ್ಷಿಸಲು ಗಡಿಯ ವರೆಗೆ ಹೋಗಬೇಕಾಗಿಲ್ಲ. ನಮ್ಮ ಗೋಡೆಯ ಆಚೆಯ ಸಂದಿಯ ವರೆಗೆ ಹೋದರೆ ಸಾಕು. ನಮ್ಮ ಹಿರಿಯರು ಪ್ರಾಂತಗಳ ಅಂಚುಗಳನ್ನು ಕೂಡಿಸಲು ಸೆರೆಮನೆ ಕಂಡರು, ಉಪವಾಸ ಮಾಡಿದರು. ನಮ್ಮಿಂದ ಕಾಲ ಕೇಳುತ್ತಿರುವದು ವಾರಕ್ಕೊಂದು ತಾಸು, ಒಂದು ಬುಟ್ಟಿ, ಮತ್ತು ಗುಡಿಸುವವಳ ಪಕ್ಕದಲ್ಲಿ ಕುಳಿತು ಕುಡಿಯುವ ಒಂದು ಲೋಟ ಚಹ. ಅದನ್ನು ಕೊಡುವದಕ್ಕೆ ಎಷ್ಟು ಜನ ಸಿದ್ಧರಿರುವಿರಿ ಎಂಬದನ್ನು ಚಪ್ಪಾಳೆಯಿಂದ ತಿಳಿಸಬೇಡಿರಿ. ಬರುವ ರವಿವಾರ ಆರು ಗಂಟೆಗೆ ನಿಮ್ಮ ನಿಮ್ಮ ಓಣಿಯ ತಿರುವಿನಲ್ಲಿ ನಿಂತು ತಿಳಿಸಿರಿ.